ಎಲ್ಲಿ ಆಡಿಸೋಣ ಹಾಕಿ?

ಮಕ್ಕಳೇ, ಹಾಕಿ ಪಂದ್ಯ ಮುಗಿದ ಮೇಲೆ ಯಾರು ಗೆದ್ದರು, ಯಾರು ಗೋಲು ಹೊಡೆದರು ಎಂದು ಎಲ್ಲರೂ ಕೇಳುತ್ತಾರೆ. ಆ ಪಂದ್ಯ ಅದೇ ಊರಿನಲ್ಲಿ, ಅದೇ ಮೈದಾನದಲ್ಲಿ ಯಾಕೆ ನಡೆಯಿತು ಎಂದು ಕೇಳುವವರು ಕಡಿಮೆ. ನಾನು ಬಹಳ ವರ್ಷ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಡ್ರಿಲ್ ಮಾಸ್ತರ ಅಂತಲೇ ನಮ್ಮ ಕಡೆ ಕರೆಯುವುದು. ಈಗ ಕಲಬುರಗಿಯ ಮಗ್ಗುಲಲ್ಲೇ ಇರುವ ಶರಣಸಿರಸಗಿಯಲ್ಲಿ ಮೊಮ್ಮಕ್ಕಳ ಜೊತೆ ಇದ್ದೇನೆ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ಆಗ ನಮ್ಮದು ಗುಲಬರ್ಗಾ ಜಿಲ್ಲೆ, ಅದರಲ್ಲಿ 10 ತಾಲೂಕು. ಯಾದಗಿರಿ, ಶಹಾಪುರ, ಸುರಪುರ ಇನ್ನೂ ನಮ್ಮ ಜಿಲ್ಲೆಯಲ್ಲೇ ಇದ್ದವು. ಕಮಲಾಪುರ ಈಗ ತಾಲೂಕು, ಆಗ ಅದೊಂದು ಹೋಬಳಿ. ತಾಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಜಿಲ್ಲೆಯಲ್ಲಿ ಗೆದ್ದವರು ವಿಭಾಗಕ್ಕೆ, ಅಲ್ಲಿಂದ ರಾಜ್ಯಕ್ಕೆ. ಶಾಲಾ ಕ್ರೀಡಾಕೂಟದ ಏಣಿ ಅಂದೂ ಹೀಗೇ ಇತ್ತು. ಹಾಕಿ ಆಡುವ ಹೈಸ್ಕೂಲುಗಳು ನಮ್ಮಲ್ಲಿ ಕೆಲವೇ. ಹುಡುಗಿಯರ ತಂಡವಂತೂ ಬೆರಳೆಣಿಕೆಯವು. ಆದ್ದರಿಂದ ಒಂದು ತಂಡ ಬರದೇ ಹೋದರೂ ಪಂದ್ಯಾವಳಿಯೇ ಸೊರಗುತ್ತಿತ್ತು.

ಆ ಸಲ ಜಿಲ್ಲಾ ಮಟ್ಟದ ಹಾಕಿ ಎಲ್ಲಿ ಆಡಿಸಬೇಕು ಎಂದು ಸಭೆ ಸೇರಿತು. ಮೂರು ಜಾಗದ ಹೆಸರು ಬಂತು. ನಗರದ ಒಂದು ದೊಡ್ಡ ಮೈದಾನ, ನಮ್ಮ ಶರಣಸಿರಸಗಿಯ ಮಡ್ಡಿ, ಕಮಲಾಪುರದ ಕಡೆಯ ಒಂದು ಶಾಲೆಯ ಬಯಲು. ಮಾತು ಬೆಳೆಯಿತು. ಹಿರಿಯ ಮಾಸ್ತರರೊಬ್ಬರು ಎದ್ದು, "ಕುಂತಲ್ಲೇ ಯಾಕ ಜಗಳಾಡ್ತೀರಿ? ಹೋಗಿ ನೋಡಿ ಬರ್ರಿ" ಎಂದರು. ಅವರು, ನಾನು, ಮತ್ತೊಬ್ಬ ಶಿಕ್ಷಕಿ, ಹೀಗೆ ಮೂವರು ಹೊರಟೆವು. ಆ ಶಿಕ್ಷಕಿಯನ್ನು ನಾವೆಲ್ಲ ಅಕ್ಕೋರು ಎನ್ನುತ್ತಿದ್ದೆವು.

ನನ್ನ ಕೈಯಲ್ಲಿ ಟೇಪು, ಒಂದು ಸ್ಟಿಕ್ಕು, ಒಂದು ಚೆಂಡು. ಹಾಕಿ ಮೈದಾನಕ್ಕೆ 100 ಗಜ ಉದ್ದ, 60 ಗಜ ಅಗಲ ಬೇಕು. ಗೋಲಿನ ಕಂಬಗಳ ನಡುವೆ 12 ಅಡಿ, ಎತ್ತರ 7 ಅಡಿ. ಅಳತೆಗಿಂತ ಮುಖ್ಯವಾದದ್ದು ನೆಲ. 160 ಗ್ರಾಂ ಆಸುಪಾಸಿನ ಗಟ್ಟಿ ಚೆಂಡು ಅದು. ಸಣ್ಣ ಹರಳಿಗೆ ತಾಗಿದರೂ ಪುಟಿದು ಮಕ್ಕಳ ಮುಖಕ್ಕೆ ಬರುತ್ತದೆ. ನಮ್ಮ ಸೀಮೆಯ ಎರೆ ಭೂಮಿ ತೊಗರಿಗೆ, ಜೋಳಕ್ಕೆ ಬಂಗಾರ. ಹಾಕಿಗೆ ಮಾತ್ರ ಆಗಿಬರದು. ಮಳೆಗಾಲದಲ್ಲಿ ಕಾಲಿಗೆ ಸೇರುಗಟ್ಟಲೆ ಮಣ್ಣು ಮೆತ್ತುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟರೆ ಚೆಂಡು ಅದರೊಳಗೇ ಇಳಿದು ಕೂಡುತ್ತದೆ. ಶಾಲೆಯ ಪಂದ್ಯಗಳು ಬರುವುದೋ ಸರಿಯಾಗಿ ಮಳೆಗಾಲದಲ್ಲೇ.

ಟಿವಿಯಲ್ಲಿ ಕಾಣುವ ನೀಲಿ ಹಾಸಿನ ಮಾತು ಬೇರೆ. 1975ರಲ್ಲಿ ಕ್ವಾಲಾಲಂಪುರದಲ್ಲಿ ಭಾರತ ವಿಶ್ವಕಪ್ ಗೆದ್ದದ್ದು ಹುಲ್ಲಿನ ಮೇಲೆ. ಆ ತಂಡದಲ್ಲಿ ನಮ್ಮ ಕೊಡಗಿನ ಬಿ.ಪಿ. ಗೋವಿಂದ ಇದ್ದರು. ಮರುವರ್ಷವೇ, 1976ರ ಮಾಂಟ್ರಿಯಲ್ ಒಲಿಂಪಿಕ್ಸಿಗೆ ಕೃತಕ ಹಾಸು ಬಂತು. ಅಂಥ ಹಾಸನ್ನು ಪಂದ್ಯಕ್ಕೆ ಮುಂಚೆ ನೀರು ಹಾಯಿಸಿ ತೋಯಿಸಬೇಕು. ಕೊಡ ಹಿಡಿದು ನಲ್ಲಿಯ ಮುಂದೆ ಸಾಲು ನಿಲ್ಲುವ ಊರುಗಳಲ್ಲಿ ಈ ಸಂಗತಿ ಹೇಳಿದರೆ ಅಜ್ಜಿಯರು ನಗುತ್ತಿದ್ದರು.

ನಮ್ಮ ಮಡ್ಡಿಯ ಗುಣವನ್ನು ನಾನು ಸಭೆಯಲ್ಲಿ ಜೋರಾಗಿಯೇ ಹೇಳಿದ್ದೆ. ಮೊರಂ ನೆಲ, ಎಂಥ ಮಳೆ ಬಂದರೂ ತಾಸಿನೊಳಗೆ ನೀರು ಬಸಿದು ಹೋಗುತ್ತದೆ. ಹರಳು ಆರಿಸಲು ಇಡೀ ಶಾಲೆಯನ್ನೇ ಒಂದು ದಿನ ಕರೆತಂದರೆ ಆಯಿತು. ಬಸ್ ನಿಲ್ದಾಣವೂ ಹತ್ತಿರ. ಇವತ್ತಿಗೂ, ಬರೀ ನೆಲವನ್ನೇ ನೋಡುವುದಾದರೆ, ಆ ಮೂರರಲ್ಲಿ ನಮ್ಮದೇ ಮೇಲು ಎನ್ನುತ್ತೇನೆ.

ಆದರೆ ಅಕ್ಕೋರು ನೆಲ ನೋಡಲು ಬಂದಿರಲಿಲ್ಲ. "ಮೈದಾನ ನೀವು ನೋಡ್ರಿ ಮಾಸ್ತರ, ನಾ ಹಿಂದಿನ ಬಾಜು ನೋಡ್ತೀನಿ" ಎಂದು ಪ್ರತಿ ಜಾಗದಲ್ಲೂ ಕಟ್ಟಡದ ಹಿಂದೆ ಹೋಗುತ್ತಿದ್ದರು. ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್. ಮಲಗುವ ಕೋಣೆ ಎಷ್ಟು, ಅವು ಮೈದಾನದಿಂದ ಎಷ್ಟು ದೂರ, ರಾತ್ರಿ ದೀಪ ಇದೆಯೇ, ಕುಡಿಯುವ ನೀರು ಎಲ್ಲಿಂದ, ಶೌಚಾಲಯ ಎಷ್ಟು, ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ, ಎಲ್ಲವನ್ನೂ ಬರೆದುಕೊಂಡರು. ನಗರದ ಮೈದಾನದಲ್ಲಿ ಕೂಡಲು ಮೆಟ್ಟಿಲು ಇದ್ದವು, ಮಲಗುವ ವ್ಯವಸ್ಥೆ ಮಾತ್ರ ದೂರದ ಇನ್ನೊಂದು ಕಟ್ಟಡದಲ್ಲಿ. ಕತ್ತಲಾದ ಮೇಲೆ ಮಕ್ಕಳು ಲಾರಿ ಓಡಾಡುವ ರಸ್ತೆ ದಾಟಬೇಕು. ನಮ್ಮ ಮಡ್ಡಿಯ ಪಕ್ಕ ಕೋಣೆಯೇ ಇರಲಿಲ್ಲ. ಅವರು ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ಅಡ್ಡಗೆರೆ ಎಳೆದರು. ನಾನು ಆಕಾಶ ನೋಡಿದೆ.

ಕಮಲಾಪುರದ ಕಡೆಯ ಆ ಶಾಲೆಯಲ್ಲಿ ಕೋಣೆಗಳು ಬಯಲಿಗೆ ಅಂಟಿಕೊಂಡೇ ಇದ್ದವು. ಬೋರ್‌ವೆಲ್ ಇತ್ತು. ಶೌಚಾಲಯದ ಎರಡು ಬಾಗಿಲಿಗೆ ಚಿಲಕ ಇರಲಿಲ್ಲ. ಅಕ್ಕೋರು ಅದನ್ನು ಹೇಳಿದಾಗ ಅಲ್ಲಿನ ಹೆಡ್‌ಮಾಸ್ತರರು "ಹಾಕಿಸ್ತೀವಿ" ಅಂದು ಸುಮ್ಮನಾಗಲಿಲ್ಲ. ಒಬ್ಬ ಹುಡುಗನನ್ನು ಓಡಿಸಿ ಬಡಿಗನನ್ನು ಕರೆಸಿದರು. ನಾವು ಚಹಾ ಕುಡಿದು ಏಳುವುದರೊಳಗೆ ಚಿಲಕ ಬಿದ್ದಿತ್ತು. ಊರಿನ ಹಿರಿಯರೂ ಬಂದು, ಮನೆಗೆ ಹತ್ತು ರೊಟ್ಟಿಯಂತೆ ಕೂಡಿಸುತ್ತೇವೆ, ಬೇಳೆ ಶಾಲೆಯಲ್ಲೇ ಕುದಿಯಲಿ ಎಂದರು.

ಉಳಿದದ್ದು ದೂರದ ಪ್ರಶ್ನೆ. ಸುರಪುರದಿಂದ ನಗರಕ್ಕೇ ಸುಮಾರು ನೂರು ಕಿಲೋಮೀಟರ್. ಅಲ್ಲಿ ಬಸ್ಸು ಬದಲಿಸಿ ಹುಮನಾಬಾದ ರಸ್ತೆಯಲ್ಲಿ ಮತ್ತೆ ಕಮಲಾಪುರಕ್ಕೆ ಬರಬೇಕು. ಅಫಜಲಪುರ, ಜೇವರ್ಗಿಯವರಿಗೂ ಎರಡು ಬಸ್ಸು. ಹಿರಿಯ ಮಾಸ್ತರರು ಇದಕ್ಕೊಂದು ಉಪಾಯ ತೆಗೆದರು. ಮೊದಲು ಬಸ್ಸಿನ ವೇಳೆ ಬರೆದುಕೊಂಡು, ಆಮೇಲೆ ಪಂದ್ಯದ ಪಟ್ಟಿ ಮಾಡಿದರು. ಹತ್ತಿರದ ತಂಡಗಳಿಗೆ ಬೆಳಗಿನ ಆಟ, ದೂರದವರಿಗೆ ಮಧ್ಯಾಹ್ನದ್ದು. ಎದುರಾಳಿ ಯಾರು ಎಂಬುದಕ್ಕೆ ಮಾತ್ರ ಚೀಟಿ ಎತ್ತಿದೆವು. ಆಗ ಹಾಕಿಗೆ 35 ನಿಮಿಷದ ಎರಡು ಅವಧಿ. ಈಗಿನಂತೆ 15 ನಿಮಿಷದ ನಾಲ್ಕಲ್ಲ. ಶಾಲಾ ಮಕ್ಕಳೆಂದು, ಎಲ್ಲ ಪಂದ್ಯ ಬೆಳಕಿನಲ್ಲೇ ಮುಗಿಯಲೆಂದು, ಅವಧಿಯನ್ನು ಸ್ವಲ್ಪ ಕಡಿಮೆ ಮಾಡಿಕೊಂಡೆವು.

ಅಷ್ಟಾದರೂ ಒಂದು ತಂಡದ ಸುದ್ದಿ ಗಟ್ಟಿಯಾಗಲಿಲ್ಲ. ದೂರದ ಹಳ್ಳಿಯೊಂದರ ಹುಡುಗಿಯರು. ಆಟ ಬರುತ್ತಿತ್ತು, ಸ್ಟಿಕ್ಕು ಇದ್ದದ್ದು ಆರು, ಎರಡು ರಾತ್ರಿ ಹೊರಗೆ ಮಲಗಲು ಮನೆಯವರು ಒಪ್ಪುತ್ತಿರಲಿಲ್ಲ. ಅಕ್ಕೋರು ನೋಟ್‌ಬುಕ್ ಹಿಡಿದುಕೊಂಡೇ ಆ ಹಳ್ಳಿಗೆ ಹೋದರು. ತಾಯಂದಿರನ್ನು ಗುಡಿಯ ಕಟ್ಟೆಯ ಮೇಲೆ ಕೂರಿಸಿ, ಬರೆದದ್ದನ್ನು ಒಂದೊಂದಾಗಿ ಓದಿದರಂತೆ. ಎಲ್ಲ ಕೇಳಿದ ಮೇಲೆ ಒಬ್ಬ ಹುಡುಗಿಯ ಆಯಿ, "ಪೋರಿಗೋಳನ್ನಷ್ಟೇ ಕಳಸ್ಲಾಕ ಆಗಲ್ರಿ ಅಕ್ಕೋರ. ಕಳಸೋದಾದ್ರ ನಾನೂ ಬರ್ತೀನಿ" ಅಂದಳಂತೆ.

ಬಂದೇ ಬಂದಳು. ತಲೆಯ ಮೇಲೆ ಖಡಕ್ ರೊಟ್ಟಿಯ ಗಂಟು, ಕಂಕುಳಲ್ಲಿ ಕೌದಿ. ರಾತ್ರಿ ಹುಡುಗಿಯರ ಕೋಣೆಯ ಬಾಗಿಲಿಗೆ ಅಡ್ಡ ಮಲಗಿದಳು. ಬೆಳಿಗ್ಗೆ ಆಡಿ ಬಂದ ತಂಡದ ಸ್ಟಿಕ್ಕುಗಳನ್ನು ಕೇಳಿ ತಂದು ಮೊಮ್ಮಗಳ ತಂಡಕ್ಕೆ ಕೊಟ್ಟವಳೂ ಅವಳೇ. ನಿಯಮ ಕೇಳಿ ತಿಳಿದುಕೊಂಡು, ಮಧ್ಯಾಹ್ನದ ಹೊತ್ತಿಗೆ ನನ್ನ ಸೀಟಿ ತಪ್ಪೆಂದು ಗೆರೆಯ ಹೊರಗಿನಿಂದ ವಾದ ಹೂಡಿದಳು. ಚೆಂಡು ಕಾಲಿಗೆ ತಾಗಿದ್ದು ನಿಜ ಎಂದು ನಾನೂ ಬಿಡಲಿಲ್ಲ.

ಎರಡನೆಯ ದಿನ ಮಳೆ ಹಿಡಿಯಿತು. ಗೋಲಿನ ಮುಂದೆ ಕೆಸರು ಕಲೆಸಿಹೋಯಿತು. ಊರಿನವರು ಬಂಡಿಯಲ್ಲಿ ಮರಳು ತಂದು ಸುರಿದರು, ಗೋಣಿಚೀಲ ಹಾಸಿ ನೀರು ಹೀರಿಸಿದರು. ಆಟ ಎರಡು ತಾಸು ತಡವಾಯಿತು. ಮಡ್ಡಿಯಾಗಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಹಿರಿಯ ಮಾಸ್ತರರ ಕಿವಿಯಲ್ಲಿ ಹೇಳಿದೆ. ಅವರು ಕೋಣೆಯ ಕಡೆ ಕೈ ತೋರಿಸಿದರು. ಮೂರು ತಂಡದ ಹುಡುಗಿಯರು ಒಂದೇ ಕೋಣೆಯಲ್ಲಿ ಬೆಚ್ಚಗೆ ಕುಳಿತು ಕಮಲಾಪುರದ ಕೆಂಪು ಬಾಳೆಹಣ್ಣು ತಿನ್ನುತ್ತ ಹಾಡು ಹೇಳುತ್ತಿದ್ದರು.

ಸರಿಸುಮಾರು ಅದೇ ಕಾಲಕ್ಕೆ, 1997ರಲ್ಲಿ, ಕೊಡಗಿನ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕೊಡವ ಮನೆತನಗಳನ್ನು ಕೂಡಿಸಿ ಕೌಟುಂಬಿಕ ಹಾಕಿ ಹಬ್ಬ ಆರಂಭಿಸಿದ್ದರು. ಅಲ್ಲಿ ವರ್ಷಕ್ಕೊಂದು ಮನೆತನ ಹೊಣೆ ಹೊರುತ್ತದೆ. ಅಜ್ಜ, ಅಜ್ಜಿ, ಮೊಮ್ಮಕ್ಕಳು ಒಂದೇ ತಂಡದಲ್ಲಿ ಆಡುವುದುಂಟು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಮನೆತನಗಳ ತಂಡ ಸೇರಿದ್ದವು. ಪತ್ರಿಕೆಯಲ್ಲಿ ಅದನ್ನು ಓದಿದಾಗ, ಅಷ್ಟು ಜನರಿಗೆ ಎಷ್ಟು ಚಿಲಕ ಬೇಕಾಗಿರಬಹುದು ಎಂದು ಲೆಕ್ಕ ಹಾಕುತ್ತ ಕೂತೆ. ಸಹವಾಸದ ಫಲ.

ಆ ಆಯಿಯ ಮೊಮ್ಮಗಳ ತಂಡ ಒಂದು ಪಂದ್ಯ ಗೆದ್ದು, ಮುಂದಿನದರಲ್ಲಿ ಎರಡು ಗೋಲಿನಿಂದ ಸೋತಿತು. ಮರುವರ್ಷ ಸಭೆಗೆ ಮುಂಚೆಯೇ ಅವರ ಶಾಲೆಯಿಂದ ಒಂದು ಪತ್ರ ಬಂತು. ಈ ಸಲ ನಮ್ಮಲ್ಲಿ ಆಡಿಸಿ ಎಂದು. ಮಕ್ಕಳ ಅಕ್ಷರ. ಕೋಣೆ ನಾಲ್ಕು, ಬಾವಿ ಒಂದು, ಚಿಲಕ ಆರು ಎಂದು ಮೇಲೆಯೇ ಬರೆದಿದ್ದರು. ಮೈದಾನದ ಬಗ್ಗೆ ಕೊನೆಗೆ ಒಂದೇ ಸಾಲು, ಪಡುವಣಕ್ಕೆ ಸ್ವಲ್ಪ ಇಳಿಜಾರು ಇದೆ ಎಂದು. ಟೇಪು, ಚೆಂಡು ತೆಗೆದುಕೊಂಡು ಮೂವರೂ ಬಸ್ಸು ಹತ್ತಿದೆವು.