ಹತ್ತು ಪೌಂಡಿನ ಹಸ್ತಪ್ರತಿ

ನನ್ನ ಪಿಎಚ್‌ಡಿಯ ಮೂರನೆಯ ಅಧ್ಯಾಯ ಗೈಡ್ ಕೈ ಸೇರಿ ಏಳು ತಿಂಗಳಾಯಿತು. ಎದುರು ಸಿಕ್ಕಾಗಲೆಲ್ಲ ನಮಸ್ಕಾರ ಹೇಳುತ್ತೇನೆ, ಅಧ್ಯಾಯದ ಮಾತೆತ್ತುವುದಿಲ್ಲ. ಕೇಳಿದರೆ ಎಲ್ಲಿ ಬೇಜಾರು ಮಾಡಿಕೊಳ್ಳುತ್ತಾರೋ ಎಂಬ ಅಳುಕು. ಆ ಅಧ್ಯಾಯ ಇರುವುದು ಜೇನ್ ಆಸ್ಟಿನ್ ಕುರಿತು.

ಅದರಲ್ಲೊಂದು ವಾಕ್ಯ ಬರೆದಿದ್ದೆ: 1801ರಿಂದ 1809ರವರೆಗಿನದು ಆಸ್ಟಿನ್ ಬದುಕಿನ ಮೌನದ ಕಾಲ. ಬಹಳ ಜನ ಹೀಗೆಯೇ ಬರೆದಿದ್ದಾರೆ. ಪಾದ್ರಿಯಾಗಿದ್ದ ತಂದೆ ಹಳ್ಳಿಯ ಮನೆ ಬಿಟ್ಟು ಸಂಸಾರದೊಂದಿಗೆ ಬಾತ್ ನಗರಕ್ಕೆ ಹೋದರು, 1805ರಲ್ಲಿ ತೀರಿಕೊಂಡರು. ಆಮೇಲೆ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಗಂಡುಮಕ್ಕಳ ನೆರವಿನಲ್ಲಿ ಮನೆಯಿಂದ ಮನೆಗೆ ಅಲೆದರು. ಕೈಗೆತ್ತಿಕೊಂಡ ಒಂದು ಕಾದಂಬರಿ ಅರ್ಧಕ್ಕೇ ನಿಂತಿತು.

ಆದರೆ ಅದೇ ವರ್ಷಗಳಲ್ಲಿ, 1803ರಲ್ಲಿ, ಲಂಡನ್ನಿನ ಕ್ರಾಸ್ಬಿ ಎಂಬ ಪ್ರಕಾಶಕ ಆಕೆಯ 'ಸೂಸನ್' ಕಾದಂಬರಿಯನ್ನು ಹತ್ತು ಪೌಂಡಿಗೆ ಕೊಂಡಿದ್ದ. ಜಾಹೀರಾತನ್ನೂ ಕೊಟ್ಟಿದ್ದ. ಪುಸ್ತಕ ಮಾತ್ರ ಬರಲಿಲ್ಲ. ಆರು ವರ್ಷ ಕಾದ ಆಕೆ 1809ರ ಏಪ್ರಿಲ್‌ನಲ್ಲಿ ಪತ್ರ ಬರೆದಳು: ಹಸ್ತಪ್ರತಿ ಕಳೆದಿದ್ದರೆ ಇನ್ನೊಂದು ಕೊಡುತ್ತೇನೆ, ಉತ್ತರ ಬರದಿದ್ದರೆ ಬೇರೆ ಕಡೆ ಪ್ರಕಟಿಸುತ್ತೇನೆ. ಹೆಸರು ಮಿಸೆಸ್ ಆಶ್ಟನ್ ಡೆನಿಸ್ ಎಂದು ಕೊಟ್ಟು, ಅದರ ಮೊದಲಕ್ಷರಗಳಿಂದ 'ಮ್ಯಾಡ್' ಎಂದು ಸಹಿ ಮಾಡಿದ್ದಳು. ಸಿಟ್ಟನ್ನು ಎಷ್ಟು ಅಚ್ಚುಕಟ್ಟಾಗಿ ಮಡಚಿಟ್ಟಿದ್ದಾಳೆ!

ಉತ್ತರ ಕೂಡಲೇ ಬಂತು. ಪ್ರಕಟಿಸಲೇಬೇಕೆಂಬ ಕರಾರಿಲ್ಲ, ಬೇರೆಯವರು ಪ್ರಕಟಿಸಿದರೆ ತಡೆಯುತ್ತೇವೆ, ಬೇಕಿದ್ದರೆ ಕೊಟ್ಟ ಹಣ ಕೊಟ್ಟು ವಾಪಸು ಪಡೆಯಿರಿ. ಬರವಣಿಗೆಯಿಂದ ಅದುವರೆಗೆ ಆಕೆ ಗಳಿಸಿದ್ದೇ ಆ ಹತ್ತು ಪೌಂಡು. ಹಸ್ತಪ್ರತಿ ಅಲ್ಲೇ ಉಳಿಯಿತು.

ಆ ವರ್ಷವೇ ಚಾಟನ್ ಹಳ್ಳಿಯಲ್ಲಿ ಅಣ್ಣ ಕೊಟ್ಟ ಮನೆಗೆ ಬಂದು ನೆಲೆಸಿದ ಆಕೆ ಹಳೆಯ ಬರಹಗಳನ್ನು ತಿದ್ದಲು ಕೂತಳು. 1811ರಲ್ಲಿ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ', 1813ರಲ್ಲಿ 'ಪ್ರೈಡ್ ಅಂಡ್ ಪ್ರೆಜುಡೀಸ್' ಬಂದವು. ಯಾವುದರ ಮೇಲೂ ಆಕೆಯ ಹೆಸರಿಲ್ಲ. 1816ರಲ್ಲಿ ಅಣ್ಣ ಹೆನ್ರಿ ಅದೇ ಹತ್ತು ಪೌಂಡು ಕೊಟ್ಟು 'ಸೂಸನ್' ಬಿಡಿಸಿಕೊಂಡು ಬಂದ. ಹಣ ಎಣಿಸಿಕೊಂಡ ಮೇಲೆಯೇ, ಇದನ್ನು ಬರೆದದ್ದು 'ಪ್ರೈಡ್ ಅಂಡ್ ಪ್ರೆಜುಡೀಸ್' ಲೇಖಕಿ ಎಂದು ಹೇಳಿದನೆಂಬ ಕತೆ ಆ ಮನೆತನದಲ್ಲಿದೆ.

ಬರೆದು ಹದಿಮೂರು ವರ್ಷವಾಗಿದೆ, ಓದುವಾಗ ನೆನಪಿರಲಿ ಎಂದು ಆಕೆ ಪುಸ್ತಕಕ್ಕೊಂದು ಟಿಪ್ಪಣಿ ಬರೆದಳು. ಅಚ್ಚಾದದ್ದನ್ನು ನೋಡಲಿಲ್ಲ. 1817ರ ಜುಲೈ 18ರಂದು, ನಲವತ್ತೊಂದನೆಯ ವಯಸ್ಸಿನಲ್ಲಿ, ತೀರಿಕೊಂಡಳು. ಅದೇ ವರ್ಷದ ಕೊನೆಗೆ ಅದು 'ನಾರ್ಥ್ಯಾಂಗರ್ ಅಬಿ' ಎಂಬ ಹೆಸರಲ್ಲಿ ಹೊರಬಂತು.

ಆ ಪತ್ರವನ್ನು ಲೈಬ್ರರಿಯಲ್ಲಿ ಮತ್ತೆ ಓದಿದ ಮೇಲೆ ನನ್ನ ವಾಕ್ಯ ನನಗೇ ನಾಚಿಕೆ ತರಿಸಿತು. ಆಕೆ ಬರೆದು ಕೊಟ್ಟಿದ್ದಳು, ಕಾದಿದ್ದಳು, ಕೇಳಿಯೂ ಇದ್ದಳು. ಸುಮ್ಮನಿದ್ದವನು ಕ್ರಾಸ್ಬಿ. 'ಮೌನದ ಕಾಲ' ಎಂಬುದನ್ನು ಹೊಡೆದು 'ಕಾದ ಕಾಲ' ಎಂದು ಬರೆದೆ.

ತಿದ್ದಿದ ಅಧ್ಯಾಯ ಜೋಡಿಸಿ ಗೈಡ್‌ಗೆ ಮೇಲ್ ಬರೆದೆ. "ಸರ್, ಹಿಂದಿನ ಪ್ರತಿ ಕಳೆದಿದ್ದರೆ ಇದನ್ನು ನೋಡಿ. ಯಾವಾಗ ಬಂದು ಕಾಣಲಿ?" ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ.