ಗೋಡೆಯ ಮೇಲಿನ ದೇವರು

ಅಭಿರುಚಿಯೆಂಬುದು ತಮ್ಮ ಮನೆಯಲ್ಲುಂಟು, ನೆರೆಮನೆಯಲ್ಲಿಲ್ಲ ಎಂದು ಪ್ರತಿಯೊಬ್ಬರೂ ನಂಬಿರುವರಷ್ಟೆ. ದೇವರ ಪಟಗಳ ಮಾತು ಬಂದಾಗ ಈ ನಂಬಿಕೆಯು ಇನ್ನಷ್ಟು ಬಲವಾಗುವುದು. ಅಂಗೈಯಿಂದ ಹೊನ್ನನ್ನು ಸುರಿಸುವ ಲಕ್ಷ್ಮಿ, ಗುಲಾಬಿ ಕೆನ್ನೆಯ ಬಾಲಕೃಷ್ಣ, ಇವರನ್ನು ಕಂಡೊಡನೆ ಓದು ಬಲ್ಲವರು ಮೂಗು ಮುರಿಯುತ್ತಾರೆ.

ಆದರೆ ಈ ಪಟಗಳ ವಂಶಾವಳಿಯು ಅಲ್ಪವಾದುದಲ್ಲ. ಅರಮನೆಗಳಿಗೆ ತೈಲಚಿತ್ರಗಳನ್ನು ಬರೆದು ಕೀರ್ತಿವಂತರಾದ ತಿರುವಾಂಕೂರಿನ ರಾಜಾ ರವಿವರ್ಮರು (1848–1906) 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವೊಂದನ್ನು ತೆರೆದರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಅವನ್ನೆಲ್ಲ ಒಂದರ ಮೇಲೊಂದು ತಪ್ಪದಂತೆ ಒತ್ತಿದರೆ ಮಾತ್ರ ದೇವಿಯ ಮುಖವು ಮೂಡುವುದು. ಹೀಗೆ ಅರಸರ ಗೋಡೆಯ ಮೇಲಿದ್ದ ಸರಸ್ವತಿಯು ಗುಮಾಸ್ತನ ಮನೆಗೂ ಬಂದಳು. ಇವು ನಾಟಕದ ವೇಷಗಳು, ಭಾರತೀಯ ಭಾವವಿಲ್ಲದವು ಎಂದು ಆನಂದ ಕುಮಾರಸ್ವಾಮಿಯವರಂಥ ಪಂಡಿತರು ಆಕ್ಷೇಪಿಸಿದರು. ಜನರು ಕೊಳ್ಳುವುದನ್ನು ನಿಲ್ಲಿಸಲಿಲ್ಲ. ಮುಂದೆ ನಮ್ಮ ಕಲಬುರ್ಗಿಯ ಎಸ್. ಎಂ. ಪಂಡಿತರ ಚಿತ್ರಗಳೂ ಕ್ಯಾಲೆಂಡರುಗಳ ಮೂಲಕ ಮನೆಮನೆಯನ್ನು ಸೇರಿದವು.

ಇಲ್ಲಿ ಒಂದು ಸಂಗತಿಯನ್ನು ನೆನೆಯಬೇಕು. ಅದೇ ತಿರುವಾಂಕೂರಿನಲ್ಲಿ ಎಲ್ಲ ಹಿಂದೂಗಳಿಗೂ ದೇವಾಲಯಗಳು ತೆರೆದದ್ದು 1936ರಲ್ಲಿ. ಪಟವು ನಾಲ್ವತ್ತು ವರ್ಷ ಮೊದಲೇ ಹೊರಟಿತ್ತು. ಗುಡಿಯ ಬಾಗಿಲಿಗೆ ಕಾವಲುಂಟು. ಕಾಗದದ ದೇವರಿಗೆ ಅದಿಲ್ಲ.

ಕಳೆದ ವರ್ಷ ನಮ್ಮ ಮನೆಗೆ ಸುಣ್ಣ ಬಳಿಸಿದಾಗ, ನಡುಮನೆಯ ಹಳೆಯ ಲಕ್ಷ್ಮಿಯನ್ನು ಅಟ್ಟಕ್ಕೆ ಹಾಕೋಣವೆಂದು ಮಗನು ಹೇಳಿದನು. “ನೋಡಲು ಚೆನ್ನಾಗಿಲ್ಲ, ಅಜ್ಜಿ” ಎಂಬುದೇ ಅವನ ವಾದ. ನನ್ನ ತಾಯಿಯವರು ಪ್ರತಿವಾದ ಹೂಡಲಿಲ್ಲ. “ಸಂಜೆ ದೀಪ ಹಚ್ಚಿ ಎಲ್ಲಿಡಲಪ್ಪ?” ಎಂದಷ್ಟೇ ಕೇಳಿದರು. ಪಟವು ಅಲ್ಲಿಯೇ ಉಳಿಯಿತು. ಅದರ ಗಾಜಿನ ಮೇಲೆ ಐವತ್ತು ವರ್ಷಗಳ ಕುಂಕುಮವು ಕಲೆಗಟ್ಟಿದೆ. ಆ ಚಿತ್ರದ ಅರ್ಧವನ್ನು ಮುದ್ರಣಾಲಯವು ಬರೆದಿದ್ದರೆ, ಉಳಿದರ್ಧವನ್ನು ಅವರ ಬೆರಳು ಬರೆದಿದೆ.

ಹಾಗಾದರೆ ಕೀಳು ಅಭಿರುಚಿಯೆಂಬುದೇ ಇಲ್ಲವೆ? ನಿಸ್ಸಂಶಯವಾಗಿ ಉಂಟು. ಪಟದ ಸುತ್ತ ಮಿಣುಕುವ ದೀಪಗಳನ್ನು ಸುತ್ತಿ, ಪುಟ್ಟ ಪೆಟ್ಟಿಗೆಯೊಂದರಿಂದ ಹಗಲಿರುಳೂ ಮಂತ್ರವನ್ನು ಹೇಳಿಸಿ, ಮನೆಮಂದಿಯೆಲ್ಲ ಬೇರೆ ಕೆಲಸಕ್ಕೆ ಹೋಗುವುದನ್ನು ಕಂಡಿದ್ದೇನೆ. ಅಲ್ಲಿ ನಮ್ಮ ಪರವಾಗಿ ಯಂತ್ರವೇ ಭಕ್ತಿಯನ್ನು ಮಾಡಿ ಮುಗಿಸುತ್ತದೆ. ಬೇಲೂರಿಗೆ ಹೋಗಿ ಐದು ನಿಮಿಷವೂ ನಿಂತು ನೋಡದವರು ಶಿಲಾಬಾಲಿಕೆಯ ನಕಲನ್ನು ಬೀರುವಿನ ಮೇಲಿಟ್ಟು ಕಲಾಭಿಮಾನಿಗಳೆನಿಸಿಕೊಳ್ಳುವುದೂ ಇದೇ ಜಾತಿಯದು. ಪಡದ ಭಾವವನ್ನು ಪಟ್ಟೆವೆಂಬ ಸಮಾಧಾನವನ್ನು ಅಗ್ಗವಾಗಿ ಕೊಡುವುದೇ ಕೀಳು. ಅಚ್ಚಿನ ಬಣ್ಣ ಕಡುವಾಯಿತೆಂಬುದು ಸಣ್ಣ ದೋಷ.

ಆದುದರಿಂದ, ಯಾರ ಮನೆಯ ಪಟವನ್ನಾಗಲಿ ಇಳಿಸುವ ಮುನ್ನ ಅದರ ಗಾಜನ್ನೊಮ್ಮೆ ನೋಡುವುದು ಒಳ್ಳೆಯದು. ಧೂಳು ಮಾತ್ರವಿದ್ದರೆ ಇಳಿಸಬಹುದು. ಕುಂಕುಮವಿದ್ದರೆ ಮೊಳೆಯನ್ನು ಇನ್ನಷ್ಟು ಭದ್ರಪಡಿಸುವುದೇ ಲೇಸು.