ಮುಂಗೋ ಸರೋವರದ ದಂಡೆಯಲ್ಲಿ

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪ್ರಾಂತದ ನೈಋತ್ಯದಲ್ಲಿರುವ ಮುಂಗೋ ಹೆಸರಿಗಷ್ಟೇ ಸರೋವರ. ಹಿಮಯುಗ ಮುಗಿಯುವ ಹೊತ್ತಿಗೇ ಅದರ ನೀರು ಬತ್ತಿಹೋಯಿತು. ಮೂಡಣ ದಂಡೆಯಲ್ಲಿ ಬಿದಿಗೆಯ ಚಂದ್ರನಂತೆ ಬಾಗಿರುವ ಮರಳದಿಬ್ಬಕ್ಕೆ, ಏಕೋ ಏನೋ, ‘ಚೀನದ ಗೋಡೆ’ ಎಂದು ಹೆಸರು.

ಗಾಳಿಮಳೆಗಳಿಗೆ ಸವೆದ ಈ ದಿಬ್ಬದಲ್ಲಿ 1968ರಲ್ಲಿ ಭೂವಿಜ್ಞಾನಿ ಜಿಮ್ ಬೌಲರ್ ಸುಟ್ಟ ಎಲುಬುಗಳನ್ನು ಕಂಡರು. ಅವು ತರುಣಿಯೊಬ್ಬಳವು. ಆಕೆಯ ದೇಹವನ್ನು ದಹಿಸಿ, ಉಳಿದ ಅಸ್ಥಿಗಳನ್ನು ಪುಡಿಮಾಡಿ, ಮತ್ತೆ ಸುಟ್ಟು ಹೂಳಿದ್ದರು. 1974ರಲ್ಲಿ ಸಮೀಪದಲ್ಲಿಯೇ ಪುರುಷನೊಬ್ಬನ ಅಸ್ಥಿಪಂಜರವೂ ದೊರೆಯಿತು. ಅದರ ಮೇಲೆ ಚಿಮುಕಿಸಿದ್ದ ಕೆಮ್ಮಣ್ಣು ದೂರದಿಂದ ತಂದದ್ದು. ಇಬ್ಬರೂ ಸುಮಾರು 40,000 ವರ್ಷಗಳಷ್ಟು ಹಿಂದಿನವರು. ಮೃತರಿಗೆ ಇಂಥ ಸಂಸ್ಕಾರ ಮಾಡಿದವರ ಸಂತತಿಯನ್ನು ಅನಾಗರಿಕರೆಂದು ಬರೆದ ಗ್ರಂಥಗಳೆಷ್ಟೋ!

ತರುಣಿಯ ಅಸ್ಥಿಗಳು ಪ್ರಾಕ್ತನಶಾಸ್ತ್ರಜ್ಞ ಜಾನ್ ಮಲ್ವೇನಿಯವರ ಸೂಟ್‌ಕೇಸಿನಲ್ಲಿ ಕ್ಯಾನ್‌ಬೆರ ಸೇರಿದವು. ಆ ನೆಲದ ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲ. ವಿಜ್ಞಾನಕ್ಕೆ ಸಾಕ್ಷ್ಯವಾದದ್ದು ಅವರಿಗೆ ಪೂರ್ವಜೆ! ಆಕೆಯನ್ನು 1992ರಲ್ಲಿ ಹಿರಿಯರ ವಶಕ್ಕೊಪ್ಪಿಸಲಾಯಿತು. ಪುರುಷನು 2017ರಲ್ಲಿ ಪುರಾತನ ಮರದ ಪೆಟ್ಟಿಗೆಯಲ್ಲಿ, ಸಕಲ ಗೌರವದೊಡನೆ ಮರಳಿದನು. 2022ರಲ್ಲಿ ಇಬ್ಬರನ್ನೂ ಮತ್ತೆ ಮಣ್ಣಿಗಿಟ್ಟಾಗ, ಅದು ನಡೆದ ರೀತಿಯನ್ನು ಮೂಲನಿವಾಸಿಗಳಲ್ಲಿಯೇ ಕೆಲವರು ಒಪ್ಪಲಿಲ್ಲ.

ದಿಬ್ಬ ಇಂದಿಗೂ ಸವೆಯುತ್ತಿದೆ. ಪ್ರವಾಸಿಯು ಅದನ್ನೇರಬೇಕಾದರೆ ಮಾರ್ಗದರ್ಶಿಯ ಹಿಂದೆಯೇ ನಡೆಯಬೇಕು.